ದುಡ್ಡಿದ್ದರೂ ಉಳಿಸಿಕೊಳ್ಳಲಾಗದ ಆಟಗಾರ: ಅಮೆರಿಕದ ಫುಟ್‌ಬಾಲ್ ತಂಡಗಳ ಲೆಕ್ಕಾಚಾರ

2025ರ ಗಣೇಶನ ಹಬ್ಬ ಮುಗಿದು ಎರಡು ದಿನವಾಗಿತ್ತು. ಡಲ್ಲಾಸ್‌ನಲ್ಲಿರುವ ತಂಗಿಯ ಮಗ ಫೋನ್ ಮಾಡಿದ. ಕಡುಬು ಎಷ್ಟು ತಿಂದೆ ಎಂದು ಕೇಳುವಷ್ಟರಲ್ಲೇ ಅವನ ಗೋಳು ಶುರುವಾಯಿತು. "ಮಾವ, ಮೈಕಾ ಪಾರ್ಸನ್ಸ್‌ನನ್ನು ಗ್ರೀನ್ ಬೇಗೆ ಕೊಟ್ಟುಬಿಟ್ಟರು. ನಮ್ಮ ತಂಡದ ಹತ್ತಿರ ಅಷ್ಟೊಂದು ದುಡ್ಡಿದೆ, ಆದರೂ ಯಾಕೆ ಬಿಟ್ಟರು?"

ಹುಡುಗನ ಪ್ರಶ್ನೆಯಲ್ಲಿ ಹುರುಳಿತ್ತು. ಡಲ್ಲಾಸ್ ಕೌಬಾಯ್ಸ್ ಜಗತ್ತಿನ ಅತಿ ಹೆಚ್ಚು ಬೆಲೆಬಾಳುವ ಕ್ರೀಡಾ ತಂಡ ಎಂದು ಫೋರ್ಬ್ಸ್ ಪತ್ರಿಕೆ ವರ್ಷವರ್ಷವೂ ಪಟ್ಟಿ ಮಾಡುತ್ತದೆ. ಗ್ರೀನ್ ಬೇ ಎಂಬುದು ಉತ್ತರದ ವಿಸ್ಕಾನ್ಸಿನ್ ರಾಜ್ಯದ ಒಂದು ಊರು. ಜನಸಂಖ್ಯೆ ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು, ಹೆಚ್ಚುಕಡಿಮೆ ನಮ್ಮ ಚಿಕ್ಕಮಗಳೂರಿನಷ್ಟು. ಅಲ್ಲಿನ ಪ್ಯಾಕರ್ಸ್ ತಂಡಕ್ಕೆ ಒಬ್ಬ ಮಾಲೀಕನೂ ಇಲ್ಲ, ಐದು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಷೇರುದಾರರಿದ್ದಾರೆ. ಅಂಥ ತಂಡ ಆಗಸ್ಟ್ 28ರಂದು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯಲ್ಲಿ ತನಗಿದ್ದ ಎರಡು ಮೊದಲ ಸುತ್ತಿನ ಆಯ್ಕೆಗಳನ್ನೂ ಕೆನ್ನಿ ಕ್ಲಾರ್ಕ್ ಎಂಬ ಆಟಗಾರನನ್ನೂ ಕೊಟ್ಟು ಪಾರ್ಸನ್ಸ್‌ನನ್ನು ಪಡೆಯಿತು. ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್ ಕೊಡುವುದಾಗಿ ಕರಾರನ್ನೂ ಬರೆದುಕೊಟ್ಟಿತು.

ಚಿಕ್ಕ ಊರಿಗೆ ಈ ತಾಕತ್ತು ಬಂದದ್ದೂ, ಶ್ರೀಮಂತ ತಂಡದ ಕೈ ಕಟ್ಟಿದ್ದೂ ಎರಡು ನಿಯಮಗಳಿಂದ. ಒಂದು ಫ್ರೀ ಏಜೆನ್ಸಿ, ಇನ್ನೊಂದು ಸ್ಯಾಲರಿ ಕ್ಯಾಪ್. ಫೋನಿನಲ್ಲಿ ಹುಡುಗನಿಗೆ ಅರೆಬರೆ ಹೇಳಿದ್ದನ್ನು ಇಲ್ಲಿ ಬುಡದಿಂದ ಬಿಡಿಸಿ ಬರೆಯುತ್ತಿದ್ದೇನೆ.

ಇದು ಯಾವ ಫುಟ್‌ಬಾಲ್?

ಕಾಲಿನಿಂದ ಒದೆಯುವ ನಮ್ಮ ಫುಟ್‌ಬಾಲ್ ಇದಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಹೆಲ್ಮೆಟ್ ತೊಟ್ಟು ಢಿಕ್ಕಿ ಹೊಡೆಯುವ ಅಮೆರಿಕದ ಆಟ. ಅದರ ವೃತ್ತಿಪರ ಲೀಗ್‌ನ ಹೆಸರು ಎನ್‌ಎಫ್‌ಎಲ್. 32 ತಂಡಗಳು, ಋತು ನಡೆಯುವಾಗ ಪ್ರತಿ ತಂಡದ ಪಟ್ಟಿಯಲ್ಲಿ 53 ಆಟಗಾರರು, ಕೊನೆಯಲ್ಲಿ ಸೂಪರ್ ಬೌಲ್ ಎಂಬ ಒಂದೇ ಒಂದು ಫೈನಲ್.

ಪಾತ್ರಗಳಲ್ಲಿ ಎರಡನ್ನು ನೆನಪಿಟ್ಟುಕೊಂಡರೆ ಸಾಕು. ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡನ್ನು ಕೈಗೆ ತೆಗೆದುಕೊಂಡು ಯಾರಿಗೆ ಎಸೆಯಬೇಕೆಂದು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನಿಸುವವನು, ಇಡೀ ದಾಳಿಯ ಸೂತ್ರಧಾರ. ಅವನು ಎಸೆಯುವ ಮೊದಲೇ ನುಗ್ಗಿ ಕೆಡವಲು ಬರುವವನು ಎದುರಾಳಿ ತಂಡದ ಪಾಸ್ ರಷರ್. ಪಾರ್ಸನ್ಸ್ ಈ ಎರಡನೆಯ ಜಾತಿಯವನು.

ಹೊಸ ಆಟಗಾರರು ಲೀಗಿಗೆ ಬರುವುದು ಡ್ರಾಫ್ಟ್ ಮೂಲಕ. ಕಾಲೇಜು ಮುಗಿಸಿ ಬಂದ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ, ಹಿಂದಿನ ವರ್ಷ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. 1936ರಿಂದ ನಡೆದುಬಂದ ಪದ್ಧತಿ ಇದು. ಆರಿಸಿಕೊಂಡ ತಂಡದ ಜೊತೆಗೇ ಆ ಹುಡುಗ ಕರಾರು ಮಾಡಿಕೊಳ್ಳಬೇಕು.

ಕರಾರು ಮುಗಿದರೂ ಬಿಡುಗಡೆಯಿಲ್ಲ

ಕರಾರು ಮುಗಿದ ಮೇಲೆ ಏನು? ಬೇರೆ ಕೆಲಸಗಳಲ್ಲಾದರೆ ಹೆಚ್ಚು ಸಂಬಳ ಕೊಡುವವರ ಹತ್ತಿರ ಹೋಗುತ್ತೇವೆ. ಅದನ್ನೇ ಆಟದಲ್ಲಿ ಫ್ರೀ ಏಜೆನ್ಸಿ ಎನ್ನುತ್ತಾರೆ: ಕರಾರು ತೀರಿದ ಆಟಗಾರ ತನಗೆ ಬೇಕಾದ ತಂಡದ ಜೊತೆ ಸ್ವತಃ ಮಾತಾಡಿ ಸೇರಿಕೊಳ್ಳುವ ಸ್ವಾತಂತ್ರ್ಯ. 1993ರವರೆಗೆ ಎನ್‌ಎಫ್‌ಎಲ್ ಆಟಗಾರರಿಗೆ ಇದು ಕಾಗದದ ಮೇಲೆ ಇತ್ತು, ಕೈಗೆ ಸಿಗುತ್ತಿರಲಿಲ್ಲ.

1962ರಲ್ಲಿ ಆರ್.ಸಿ. ಓವೆನ್ಸ್ ಎಂಬ ಆಟಗಾರ ತನ್ನ ಕರಾರಿನ ಅವಧಿಯನ್ನು ಪೂರ್ತಿ ಆಡಿ ಮುಗಿಸಿ, ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಬಾಲ್ಟಿಮೋರ್‌ಗೆ ಹೋದ. ಮಾಲೀಕರು ಬೆಚ್ಚಿಬಿದ್ದರು. ಮರುವರ್ಷವೇ ಲೀಗಿನ ಆಯುಕ್ತ ಪೀಟ್ ರೋಜೆಲ್ ಅವರ ಹೆಸರಿನಲ್ಲೇ ಪ್ರಸಿದ್ಧವಾದ ನಿಯಮ ಬಂತು. ಹೀಗೆ ಬಂದ ಆಟಗಾರನನ್ನು ಸೇರಿಸಿಕೊಳ್ಳುವ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕು, ಪರಿಹಾರ ಏನೆಂಬುದನ್ನು ಆಯುಕ್ತರೇ ತೀರ್ಮಾನಿಸುತ್ತಾರೆ. ಅಂದರೆ ಒಬ್ಬನನ್ನು ಕರೆತಂದರೆ ನಮ್ಮ ತಂಡದ ಯಾವ ಒಳ್ಳೆಯ ಆಟಗಾರ ಕೈಬಿಟ್ಟು ಹೋಗುತ್ತಾನೋ ಮೊದಲೇ ಗೊತ್ತಾಗುವುದಿಲ್ಲ. ಬೆಲೆ ಕೇಳದೆ ಸಾಮಾನು ಕಟ್ಟಿಸಿಕೊಂಡು, ಅಂಗಡಿಯವನು ಆಮೇಲೆ ಹೇಳಿದಷ್ಟು ತೆತ್ತು ಬರುವುದಕ್ಕೆ ಯಾರು ಹೋಗುತ್ತಾರೆ? ಯಾರೂ ಹೋಗಲಿಲ್ಲ.

ಆಟಗಾರರ ಸಂಘದ ಅಧ್ಯಕ್ಷ ಜಾನ್ ಮ್ಯಾಕಿ ಕೋರ್ಟಿಗೆ ಹೋದರು. 1975ರಲ್ಲಿ ಗೆದ್ದರು, 1976ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ನಿಯಮ ಕಾನೂನಿಗೆ ವಿರುದ್ಧ ಎಂದಿತು. ಆದರೆ 1977ರ ಒಪ್ಪಂದದಲ್ಲಿ ಅದೇ ಪರಿಹಾರ ಬೇರೆ ವೇಷ ಹಾಕಿಕೊಂಡು ಬಂತು. ಆಮೇಲಿನ ಹತ್ತು ವರ್ಷಗಳಲ್ಲಿ ಹೆಸರಾಂತ ಆಟಗಾರರು ಯಾರೂ ಈ ದಾರಿಯಲ್ಲಿ ಊರು ಬದಲಿಸಲಿಲ್ಲ. 1988ರಲ್ಲಿ ವಿಲ್ಬರ್ ಮಾರ್ಷಲ್ ಶಿಕಾಗೋದಿಂದ ವಾಷಿಂಗ್ಟನ್‌ಗೆ ಹೋದಾಗ ಎರಡು ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳನ್ನು ವಾಷಿಂಗ್ಟನ್ ದಂಡದಂತೆ ತೆರಬೇಕಾಯಿತು. ನಡುವೆ 1982ರಲ್ಲಿ 57 ದಿನಗಳ ಮುಷ್ಕರವಾಯಿತು. 1987ರಲ್ಲಿ ಇನ್ನೊಂದು ಮುಷ್ಕರವಾದಾಗ ಮಾಲೀಕರು ಬದಲಿ ಆಟಗಾರರನ್ನು ಹುಡುಕಿ ತಂದು ಮೂರು ವಾರ ಪಂದ್ಯ ನಡೆಸಿಯೇಬಿಟ್ಟರು.

ಆಗ ತಂಡ ಕಟ್ಟುವುದೆಂದರೆ ತೆಂಗಿನ ತೋಟ ಮಾಡಿದಂತೆ. ಒಳ್ಳೆಯ ಸಸಿ ಆರಿಸಿ ನೆಟ್ಟು ಹತ್ತು ವರ್ಷ ನೀರು ಹಾಕಿದರೆ ಮರ ಎಲ್ಲಿಗೂ ಹೋಗುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಾಲ್ಕು ಸೂಪರ್ ಬೌಲ್ ಗೆದ್ದ ಪಿಟ್ಸ್‌ಬರ್ಗ್ ತಂಡ ಬಹುಪಾಲು ಹೀಗೆ ನೆಟ್ಟು ಬೆಳೆಸಿದ್ದೇ. ಚೆನ್ನಾಗಿ ಆರಿಸಬಲ್ಲವರು ಮತ್ತೆ ಮತ್ತೆ ಗೆಲ್ಲುತ್ತಿದ್ದರು.

1993ರ ಕೊಡುಕೊಳ್ಳುವಿಕೆ

1989ರಲ್ಲಿ ಲೀಗ್ ಒಂದು ಉಪಾಯ ಮಾಡಿತು. ಪ್ರತಿ ತಂಡ 37 ಆಟಗಾರರನ್ನು ಹಿಡಿದಿಟ್ಟುಕೊಳ್ಳಬಹುದು, ಮಿಕ್ಕವರು ಎಲ್ಲಿಗೆ ಬೇಕಾದರೂ ಹೋಗಲಿ. ಹಿಡಿದಿಟ್ಟ 37 ಮಂದಿಯೇ ತಂಡದ ಕಾಳು, ಸ್ವಾತಂತ್ರ್ಯ ಸಿಕ್ಕಿದ್ದು ಜೊಳ್ಳಿಗೆ. ನ್ಯೂಯಾರ್ಕ್ ಜೆಟ್ಸ್‌ನ ಫ್ರೀಮನ್ ಮೆಕ್‌ನೀಲ್ ಮತ್ತು ಇನ್ನೂ ಏಳು ಆಟಗಾರರು ಇದನ್ನು ಪ್ರಶ್ನಿಸಿದರು. 1992ರ ಸೆಪ್ಟೆಂಬರ್‌ನಲ್ಲಿ ಮಿನಿಯಾಪೊಲಿಸ್‌ನ ಜ್ಯೂರಿ, ಈ ನಿಯಮ ಪೈಪೋಟಿಯನ್ನು ಹತ್ತಿಕ್ಕುತ್ತದೆ, ಕಾನೂನಿಗೆ ವಿರುದ್ಧ ಎಂದು ತೀರ್ಪಿತ್ತಿತು. ಇಂಥ ಇನ್ನಷ್ಟು ದಾವೆಗಳು ಸಾಲುಗಟ್ಟಿ ನಿಂತಿದ್ದವು. ಮಾಲೀಕರು ರಾಜಿಗೆ ಬಂದರು.

ಆ ರಾಜಿಯೇ ಇವತ್ತಿನ ಎನ್‌ಎಫ್‌ಎಲ್‌ನ ಅಡಿಪಾಯ. ಆಟಗಾರರಿಗೆ ಸಿಕ್ಕಿದ್ದು ಬಿಡುಗಡೆ. ಈಗಿನ ನಿಯಮದಂತೆ ನಾಲ್ಕು ಋತು ಆಡಿ ಕರಾರು ಮುಗಿಸಿದವನು ಯಾವ ಪರಿಹಾರದ ಹಂಗೂ ಇಲ್ಲದೆ ಬೇರೆ ತಂಡ ಸೇರಬಹುದು. ಬದಲಿಗೆ ಮಾಲೀಕರಿಗೆ ಸಿಕ್ಕಿದ್ದು ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡ ವರ್ಷಕ್ಕೆ ತನ್ನ ಎಲ್ಲ ಆಟಗಾರರಿಗೆ ಸೇರಿ ಇಷ್ಟಕ್ಕಿಂತ ಹೆಚ್ಚು ಖರ್ಚು ತೋರಿಸುವಂತಿಲ್ಲ ಎಂಬ ಮಿತಿ. ಒಬ್ಬೊಬ್ಬನೂ ಸ್ವತಂತ್ರ, ಆದರೆ ಎಲ್ಲರೂ ಸೇರಿ ಒಂದೇ ಹಂಡೆಯಲ್ಲಿ ಉಣ್ಣಬೇಕು.

ಬಿಡುಗಡೆಯ ಮೊದಲ ವಸಂತದಲ್ಲಿ ಎಲ್ಲರ ಕಣ್ಣಿದ್ದದ್ದು ಫಿಲಡೆಲ್ಫಿಯಾದ ರೆಜ್ಜಿ ವೈಟ್ ಮೇಲೆ. ಅವನೂ ಪಾರ್ಸನ್ಸ್‌ನಂತೆ ಕ್ವಾರ್ಟರ್‌ಬ್ಯಾಕ್‌ಗಳನ್ನು ಕೆಡವುವವನು, ಜೊತೆಗೆ ಕ್ರೈಸ್ತ ಧರ್ಮಬೋಧಕ. ಊರೂರು ಸುತ್ತಿ ಮಾತುಕತೆ ನಡೆಸಿ, 1993ರ ಏಪ್ರಿಲ್‌ನಲ್ಲಿ ಆರಿಸಿಕೊಂಡದ್ದು ಚಳಿಯ ಪುಟ್ಟ ಊರು ಗ್ರೀನ್ ಬೇಯನ್ನು! ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರ್. 1968ರಿಂದ ಪ್ರಶಸ್ತಿಯ ಮುಖ ಕಾಣದಿದ್ದ ಪ್ಯಾಕರ್ಸ್ 1997ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಆ ಪಂದ್ಯದಲ್ಲಿ ವೈಟ್ ಎದುರಾಳಿ ಕ್ವಾರ್ಟರ್‌ಬ್ಯಾಕನ್ನು ಮೂರು ಬಾರಿ ನೆಲಕ್ಕುರುಳಿಸಿದ.

ಮಿತಿಯ ಅಂಕಿ ಎಲ್ಲಿಂದ ಬರುತ್ತದೆ?

ಕ್ಯಾಪ್ ಮೊದಲು ಜಾರಿಗೆ ಬಂದದ್ದು 1994ರಲ್ಲಿ. ಆಗ ಪ್ರತಿ ತಂಡಕ್ಕೆ 3.46 ಕೋಟಿ ಡಾಲರ್. 2025ರಲ್ಲಿ ಅದು 27.92 ಕೋಟಿ ಡಾಲರ್. ಇದು ಯಾರೋ ಕೂತು ಮನಸ್ಸಿಗೆ ಬಂದಂತೆ ಹೇಳಿದ ಅಂಕಿಯಲ್ಲ. ಲೀಗಿನ ಒಟ್ಟು ಆದಾಯದಲ್ಲಿ ಆಟಗಾರರ ಪಾಲು ಹೆಚ್ಚುಕಡಿಮೆ ಅರ್ಧ ಎಂದು ಒಪ್ಪಂದವಿದೆ. ಆ ಪಾಲಿನಿಂದ ಪಿಂಚಣಿ, ಆರೋಗ್ಯದ ವೆಚ್ಚ ಕಳೆದು ಉಳಿದದ್ದನ್ನು 32 ತಂಡಗಳಿಗೆ ಸಮನಾಗಿ ಹಂಚಿದರೆ ಕ್ಯಾಪ್ ಸಿಗುತ್ತದೆ. ಟಿವಿಯ ಹಣ ಏರಿದರೆ ಕ್ಯಾಪ್ ಏರುತ್ತದೆ. ಕೋವಿಡ್‌ನಿಂದ ಕ್ರೀಡಾಂಗಣಗಳು ಖಾಲಿಯಾದ ಮೇಲೆ 2021ರಲ್ಲಿ ಅದು 19.82 ಕೋಟಿಯಿಂದ 18.25 ಕೋಟಿಗೆ ಇಳಿದದ್ದೂ ಇದೆ.

ಸಣ್ಣ ಊರಿನ ಗುಟ್ಟು ಇಲ್ಲಿದೆ. ರಾಷ್ಟ್ರಮಟ್ಟದ ಟಿವಿ ಆದಾಯವನ್ನು ಎಲ್ಲ ತಂಡಗಳೂ ಸಮಪಾಲು ಹಂಚಿಕೊಳ್ಳುತ್ತವೆ. ಷೇರುದಾರರ ತಂಡವಾದ್ದರಿಂದ ಪ್ಯಾಕರ್ಸ್ ತನ್ನ ಲೆಕ್ಕವನ್ನು ವರ್ಷಕ್ಕೊಮ್ಮೆ ಬಹಿರಂಗಪಡಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಈ ಸಮಪಾಲೊಂದೇ 40 ಕೋಟಿ ಡಾಲರ್ ದಾಟಿದೆ. ಅಂದರೆ ಗ್ರೀನ್ ಬೇ ಒಂದೇ ಒಂದು ಟಿಕೆಟ್ ಮಾರದಿದ್ದರೂ ಆಟಗಾರರ ಸಂಬಳಕ್ಕೆ ಬೇಕಾದ ದುಡ್ಡು ಬಂದು ಬೀಳುತ್ತದೆ. ಇತ್ತ ಡಲ್ಲಾಸ್‌ನ ಮಾಲೀಕ ಜೆರಿ ಜೋನ್ಸ್ ಎಷ್ಟೇ ಸಂಪಾದಿಸಲಿ, ಆಟಗಾರರ ಮೇಲೆ ಸುರಿಯುವಂತಿಲ್ಲ. ತೀರಾ ಜಿಪುಣತನ ಮಾಡುವಂತೆಯೂ ಇಲ್ಲ, ಕೆಲವು ವರ್ಷಗಳ ಅವಧಿಯಲ್ಲಿ ಕ್ಯಾಪ್‌ನ ಶೇ 90ರಷ್ಟನ್ನಾದರೂ ಖರ್ಚು ಮಾಡಲೇಬೇಕು.

ದಂಡ ತೆತ್ತು ಮಿತಿ ದಾಟುವ ಅವಕಾಶ ಬೇರೆ ಕೆಲವು ಲೀಗ್‌ಗಳಲ್ಲಿದೆ. ಎನ್‌ಎಫ್‌ಎಲ್‌ನಲ್ಲಿ ಇಲ್ಲ, ಮಿತಿ ಮೀರುವ ಕರಾರನ್ನು ಲೀಗ್ ಒಪ್ಪುವುದೇ ಇಲ್ಲ. ಈ ವಿಷಯದಲ್ಲಿ ಲೀಗ್ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ಒಂದು ತಮಾಷೆಯ ಪ್ರಸಂಗವಿದೆ. 2010ರಲ್ಲಿ ಒಪ್ಪಂದದ ಅವಧಿ ಮುಗಿಯುತ್ತಾ ಬಂದು ಆ ಒಂದು ವರ್ಷ ಕ್ಯಾಪ್ ಇರಲಿಲ್ಲ. ವಾಷಿಂಗ್ಟನ್ ಮತ್ತು ಡಲ್ಲಾಸ್ ಅದೇ ಸಮಯ ನೋಡಿ ದೊಡ್ಡ ಮೊತ್ತಗಳನ್ನು ಆ ವರ್ಷದ ಖಾತೆಗೆ ಹಾಕಿ ಕೈ ತೊಳೆದುಕೊಂಡವು. 2012ರಲ್ಲಿ ಲೀಗ್ ವಾಷಿಂಗ್ಟನ್‌ನ ಕ್ಯಾಪ್‌ನಿಂದ 3.6 ಕೋಟಿ, ಡಲ್ಲಾಸ್‌ನ ಕ್ಯಾಪ್‌ನಿಂದ 1 ಕೋಟಿ ಡಾಲರ್ ಕಡಿತ ಮಾಡಿತು. ಮಿತಿಯೇ ಇಲ್ಲದ ವರ್ಷದಲ್ಲಿ ಮಿತಿ ಮೀರಿದ ತಪ್ಪಿಗೆ!

ಕಂತಿನ ಜಾಣತನ, ಸತ್ತ ಹಣ

ಈಗ ಎಲ್ಲರೂ ತಲೆ ಕೆರೆದುಕೊಳ್ಳುವ ಭಾಗಕ್ಕೆ ಬರೋಣ. ಪತ್ರಿಕೆಯಲ್ಲಿ "10 ಕೋಟಿಯ ಕರಾರು" ಎಂದು ಓದಿದರೆ ಅದರಲ್ಲಿ ಮೂರು ಬೇರೆ ಬೇರೆ ಲೆಕ್ಕ ಅಡಗಿರುತ್ತವೆ: ಆಟಗಾರನ ಕೈಗೆ ಬರುವ ನಗದು, ಕ್ಯಾಪ್ ಪುಸ್ತಕದಲ್ಲಿ ಬರೆಯುವ ಮೊತ್ತ, ಮತ್ತು ಏನೇ ಆದರೂ ಸಿಕ್ಕೇ ಸಿಗುವ ಖಾತ್ರಿ ಹಣ.

ಒಂದು ಕಾಲ್ಪನಿಕ ಕರಾರನ್ನು ಬಿಡಿಸಿ ನೋಡೋಣ. ನಾಲ್ಕು ವರ್ಷಕ್ಕೆ 10 ಕೋಟಿ ಡಾಲರ್. ಅದರಲ್ಲಿ 4 ಕೋಟಿ ಸೈನಿಂಗ್ ಬೋನಸ್, ಅಂದರೆ ಸಹಿ ಹಾಕಿದ ಕೂಡಲೇ ಕೈಗೆ ಬರುವ ಮೊತ್ತ. ಮಿಕ್ಕ 6 ಕೋಟಿ ಸಂಬಳ: ಮೊದಲ ವರ್ಷ 50 ಲಕ್ಷ, ಎರಡನೇ ವರ್ಷ ಒಂದೂವರೆ ಕೋಟಿ, ಕೊನೆಯ ಎರಡು ವರ್ಷ ತಲಾ 2 ಕೋಟಿ. ಮೊದಲ ವರ್ಷ ಆಟಗಾರನಿಗೆ ಸಿಕ್ಕಿದ್ದು ನಾಲ್ಕೂವರೆ ಕೋಟಿ. ಆದರೆ ಬೋನಸ್ ಮೊತ್ತವನ್ನು ಕರಾರಿನ ವರ್ಷಗಳ ಮೇಲೆ, ಐದು ವರ್ಷ ಮೀರದಂತೆ, ಸಮನಾಗಿ ಹಂಚಿ ಬರೆಯಲು ನಿಯಮ ಬಿಡುತ್ತದೆ. ಹಾಗಾಗಿ ಕ್ಯಾಪ್ ಪುಸ್ತಕದಲ್ಲಿ ಮೊದಲ ವರ್ಷ ಕಾಣುವುದು 50 ಲಕ್ಷ ಸಂಬಳ, ಒಂದು ಕೋಟಿ ಬೋನಸ್ ಕಂತು, ಒಟ್ಟು ಒಂದೂವರೆ ಕೋಟಿ ಮಾತ್ರ. ಮುಂದಿನ ವರ್ಷಗಳಲ್ಲಿ ಎರಡೂವರೆ, ಮೂರು, ಮೂರು. ಕೂಡಿದರೆ ಅದೇ ಹತ್ತು. ಮನೆಗೆ ಫ್ರಿಜ್ ಇವತ್ತೇ ಬಂತು, ಕಂತು ನಿಧಾನಕ್ಕೆ ಕಟ್ಟುತ್ತೇವೆ.

ಎರಡನೇ ವರ್ಷ ಬೇರೊಬ್ಬನನ್ನು ಕೊಳ್ಳಲು ಜಾಗ ಬೇಕಾಯಿತು ಎನ್ನಿ. ಆಗ ಕರಾರನ್ನು ಮತ್ತೆ ಹೊಲಿಯುತ್ತಾರೆ. ಒಂದೂವರೆ ಕೋಟಿ ಸಂಬಳದಲ್ಲಿ 1.2 ಕೋಟಿಯನ್ನು ಬೋನಸ್ ಎಂದು ಹೆಸರು ಬದಲಿಸಿ ಈಗಲೇ ಕೊಟ್ಟು, ಉಳಿದ ಮೂರು ವರ್ಷಕ್ಕೆ 40 ಲಕ್ಷದಂತೆ ಹಂಚುತ್ತಾರೆ. ಆ ವರ್ಷದ ಲೆಕ್ಕ ಎರಡೂವರೆ ಕೋಟಿಯಿಂದ 1.7 ಕೋಟಿಗೆ ಇಳಿಯಿತು. ಆಟಗಾರ ಕಾಸೂ ಕಳೆದುಕೊಳ್ಳಲಿಲ್ಲ, ಬದಲಿಗೆ ಹಣ ಬೇಗ ಬಂತು. ಆದರೆ ಮುಂದಿನ ಎರಡು ವರ್ಷಗಳ ಲೆಕ್ಕ ತಲಾ 3.4 ಕೋಟಿಗೆ ಏರಿತು. ನ್ಯೂ ಆರ್ಲಿಯನ್ಸ್ ತಂಡ ವರ್ಷಗಟ್ಟಲೆ ಈ ಹೊಲಿಗೆಯಲ್ಲೇ ಕಾಲ ಹಾಕಿತು. ಫಿಲಡೆಲ್ಫಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಟಗಾರ ಆಡುವುದೇ ಇಲ್ಲವೆಂದು ಎಲ್ಲರಿಗೂ ಗೊತ್ತಿರುವ ಹುಸಿ ವರ್ಷಗಳನ್ನು ಕರಾರಿನ ಬಾಲಕ್ಕೆ ಅಂಟಿಸಿ, ಕಂತುಗಳನ್ನು ಅಲ್ಲಿಗೆ ತಳ್ಳುವುದರಲ್ಲಿ ಪಳಗಿದ್ದಾರೆ.

ಆಟಗಾರನನ್ನು ನಡುವೆ ಕೈಬಿಟ್ಟರೆ? ನಮ್ಮ ಮೊದಲ ಕರಾರಿನಲ್ಲಿ ಎರಡು ವರ್ಷದ ನಂತರ ಬಿಟ್ಟರು ಎನ್ನಿ. ಮುಂದಿನ 4 ಕೋಟಿ ಸಂಬಳ, ಖಾತ್ರಿ ಇಲ್ಲದಿದ್ದರೆ, ಕೊಡಬೇಕಿಲ್ಲ. ಆದರೆ ಹಿಂದೆಯೇ ಕೊಟ್ಟ ಬೋನಸ್‌ನಲ್ಲಿ ಪುಸ್ತಕಕ್ಕೆ ಏರದೆ ಉಳಿದ 2 ಕೋಟಿ ಒಮ್ಮೆಗೇ ಮೂರನೇ ವರ್ಷದ ಲೆಕ್ಕಕ್ಕೆ ಬಂದು ಬೀಳುತ್ತದೆ. ತಂಡದಲ್ಲಿಲ್ಲದ ಆಟಗಾರನ ಹೆಸರಿನಲ್ಲಿ ಕ್ಯಾಪ್ ತಿನ್ನುವ ಈ ಮೊತ್ತಕ್ಕೆ ಡೆಡ್ ಮನಿ ಎಂದು ಹೆಸರು. ಸ್ಕೂಟರ್ ಕಳುವಾದರೂ ಬ್ಯಾಂಕಿನವರು ಕಂತು ಬಿಡುತ್ತಾರೆಯೇ?

ನಿಜ ಜೀವನದ ದೊಡ್ಡ ಉದಾಹರಣೆ ರಸೆಲ್ ವಿಲ್ಸನ್. ಡೆನ್ವರ್ ತಂಡ 2022ರಲ್ಲಿ ಈ ಕ್ವಾರ್ಟರ್‌ಬ್ಯಾಕ್ ಜೊತೆ ಐದು ವರ್ಷಕ್ಕೆ 24.5 ಕೋಟಿ ಡಾಲರ್ ಹೆಚ್ಚುವರಿ ಕರಾರು ಮಾಡಿಕೊಂಡಿತು. ಆಟ ಸಾಗಲಿಲ್ಲ. ಆ ಹೊಸ ಕರಾರಿನ ವರ್ಷಗಳು ಆರಂಭವಾಗುವ ಮೊದಲೇ, 2024ರ ಮಾರ್ಚ್‌ನಲ್ಲಿ, ಅವನನ್ನು ಬಿಟ್ಟುಬಿಟ್ಟರು. ಡೆಡ್ ಮನಿ ಸುಮಾರು 8.5 ಕೋಟಿ ಡಾಲರ್, ಎರಡು ವರ್ಷಕ್ಕೆ ಹಂಚಿಕೊಂಡು. ವಿಲ್ಸನ್ ಆ ವರ್ಷ ಪಿಟ್ಸ್‌ಬರ್ಗ್‌ನಲ್ಲಿ ಕನಿಷ್ಠ ಸಂಬಳಕ್ಕೆ ಆಡಿದ. ಅವನ ನಿಜವಾದ ಸಂಬಳ ಕೊಡುತ್ತಿದ್ದುದು ಡೆನ್ವರ್.

ಅಗ್ಗಕ್ಕೆ ಸಿಕ್ಕ ಹುಡುಗ

ಅದೇ ವಿಲ್ಸನ್ ಹನ್ನೊಂದು ವರ್ಷ ಹಿಂದೆ ನಾಣ್ಯದ ಇನ್ನೊಂದು ಮುಖವಾಗಿದ್ದ. 2012ರ ಡ್ರಾಫ್ಟ್‌ನಲ್ಲಿ ಸಿಯಾಟಲ್ ಅವನನ್ನು ಮೂರನೇ ಸುತ್ತಿನಲ್ಲಿ, 75ನೆಯವನಾಗಿ ಆರಿಸಿತು. 2013ರಲ್ಲಿ ಕ್ಯಾಪ್ 12.3 ಕೋಟಿ ಡಾಲರ್ ಇದ್ದಾಗ ಅವನ ಲೆಕ್ಕ ಸುಮಾರು 6.8 ಲಕ್ಷ ಡಾಲರ್, ಅಂದರೆ ನೂರು ರೂಪಾಯಿಯಲ್ಲಿ ಅರವತ್ತು ಪೈಸೆಯೂ ಅಲ್ಲ. ಉಳಿತಾಯವಾದ ಹಣದಲ್ಲಿ ಸಿಯಾಟಲ್ ರಕ್ಷಣೆಯ ಪಡೆಗೆ ಮತ್ತಷ್ಟು ಒಳ್ಳೆಯ ಆಟಗಾರರನ್ನು ತಂದಿತು. 2014ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಎದುರಿಗಿದ್ದದ್ದು ಇದೇ ಡೆನ್ವರ್, ಐದು ವರ್ಷಕ್ಕೆ 9.6 ಕೋಟಿಯ ಕರಾರಿನ ದಿಗ್ಗಜ ಪೇಟನ್ ಮ್ಯಾನಿಂಗ್ ಅದರ ಕ್ವಾರ್ಟರ್‌ಬ್ಯಾಕ್. ಸಿಯಾಟಲ್ 43–8ರಿಂದ ಗೆದ್ದಿತು.

ಇದು ಸಾಧ್ಯವಾದದ್ದು ಹೊಸಬರ ಸಂಬಳಕ್ಕೂ ಕಡಿವಾಣ ಬಿದ್ದದ್ದರಿಂದ. 2010ರಲ್ಲಿ ಡ್ರಾಫ್ಟ್‌ನ ಮೊದಲಿಗನಾಗಿ ಬಂದ ಸ್ಯಾಮ್ ಬ್ರಾಡ್‌ಫರ್ಡ್ ಒಂದು ಪಂದ್ಯವನ್ನೂ ಆಡುವ ಮೊದಲೇ ಆರು ವರ್ಷಕ್ಕೆ 7.8 ಕೋಟಿಯ ಕರಾರು ಪಡೆದ. ಅನುಭವಿಗಳು ಮುಖ ಸಿಂಡರಿಸಿದರು. 2011ರ ಒಪ್ಪಂದ ಹೊಸಬರಿಗೆ ದರಪಟ್ಟಿ ನಿಗದಿ ಮಾಡಿತು. ಆ ವರ್ಷದ ಮೊದಲಿಗ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 2.2 ಕೋಟಿ. ಎಷ್ಟೇ ಚೆನ್ನಾಗಿ ಆಡಿದರೂ ಮೊದಲ ಮೂರು ಋತು ಹೊಸ ಕರಾರು ಕೇಳುವಂತಿಲ್ಲ. ಮೊದಲ ಸುತ್ತಿನವರನ್ನಾದರೆ ತಂಡ ಬಯಸಿದರೆ ಐದನೇ ವರ್ಷಕ್ಕೂ ಉಳಿಸಿಕೊಳ್ಳಬಹುದು.

ನನಗೆ ತೋರುವಂತೆ ಇಡೀ ಕಥೆಯ ತಿರುಳು ಇಲ್ಲಿದೆ. ಕ್ಯಾಪ್ ಬಂದ ಮೇಲೆ ತಂಡಗಳು ಹುಡುಕುವುದು ಅತ್ಯುತ್ತಮ ಆಟಗಾರನನ್ನಲ್ಲ, ತನ್ನ ಸಂಬಳಕ್ಕಿಂತ ಹೆಚ್ಚು ಆಡುವವನನ್ನು. ಮದುವೆಯ ಖರ್ಚಿಗೆ ಹತ್ತು ಲಕ್ಷವೇ ಎಂದು ಹಿರಿಯರು ಗೆರೆ ಎಳೆದ ಮೇಲೆ, ಸೋದರಮಾವನ ಗುರುತಿನಿಂದ ಛತ್ರ ಅರ್ಧ ಬಾಡಿಗೆಗೆ ಸಿಕ್ಕ ಮನೆಯವರು ಊಟಕ್ಕೆ ಇನ್ನೆರಡು ಸಿಹಿ ಸೇರಿಸುತ್ತಾರಲ್ಲ, ಹಾಗೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಹೊಸಬನ ದರದಲ್ಲಿ ಸಿಕ್ಕ ನಾಲ್ಕೈದು ವರ್ಷಗಳೇ ತಂಡದ ಸುಗ್ಗಿ. ಆಮೇಲೆ ಅವನಿಗೆ ಪೂರ್ತಿ ಬೆಲೆ ತೆರಬೇಕು. ಸಿಯಾಟಲ್ 2015ರಲ್ಲಿ ವಿಲ್ಸನ್‌ಗೆ ಕೊಟ್ಟದ್ದು ನಾಲ್ಕು ವರ್ಷಕ್ಕೆ 8.76 ಕೋಟಿ. ಆ ತಂಡ ಅವನ ಜೊತೆ ಮತ್ತೆ ಸೂಪರ್ ಬೌಲ್‌ಗೆ ಹೋಗಲಿಲ್ಲ. ಅತ್ತ 2024ರಲ್ಲಿ ಡೆನ್ವರ್, ವಿಲ್ಸನ್‌ನ ಡೆಡ್ ಮನಿ ಹೊತ್ತುಕೊಂಡೇ, ಹೊಸ ಹುಡುಗ ಬೋ ನಿಕ್ಸ್‌ನನ್ನು ಆಡಿಸಿ ಪ್ಲೇ ಆಫ್ ತಲುಪಿತು.

ಬೀಳ್ಕೊಡುವ ಕಲೆ

ಹೊಸ ಪದ್ಧತಿಯ ಮೊದಲ ಪೆಟ್ಟು ತಿಂದವರಲ್ಲಿ ಡಲ್ಲಾಸ್ ಕೂಡ ಒಂದು. 1993 ಮತ್ತು 1994ರ ಜನವರಿಯಲ್ಲಿ ಸತತ ಎರಡು ಸೂಪರ್ ಬೌಲ್ ಗೆದ್ದ ತಂಡದಿಂದ ಕೆನ್ ನಾರ್ಟನ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊ ಗೆದ್ದಿತು. ಸತತ ಮೂರು ಸೂಪರ್ ಬೌಲ್ ಗೆದ್ದ ಮೊದಲ ಆಟಗಾರ ಎಂಬ ಹೆಸರು ನಾರ್ಟನ್‌ಗೆ ಬಂತು. ಅದೇ ತಂಡದಲ್ಲಿ ಒಂದು ವರ್ಷಕ್ಕೆಂದು ಬಂದಿದ್ದ ಡಿಯಾನ್ ಸ್ಯಾಂಡರ್ಸ್‌ನನ್ನು 1995ರಲ್ಲಿ ಡಲ್ಲಾಸ್ 3.5 ಕೋಟಿಗೆ ಎಳೆದುಕೊಂಡು, ಸುಮಾರು 1.3 ಕೋಟಿ ಬೋನಸನ್ನು ಏಳು ವರ್ಷಗಳ ಮೇಲೆ ಹರಡಿತು (ಐದು ವರ್ಷದ ಮಿತಿ ಆಗಿನ್ನೂ ಇರಲಿಲ್ಲ). ಆ ಸಲ ಡಲ್ಲಾಸ್ ಗೆದ್ದಿತು. ಆಟಗಾರರ ಬೆನ್ನಿಗೇ ಪ್ರಶಸ್ತಿಯೂ ಊರು ಬದಲಿಸುತ್ತಿತ್ತು.

ಕಾಲಕ್ರಮದಲ್ಲಿ ಜಾಣ ತಂಡಗಳು ಕಲಿತದ್ದು ಯಾರನ್ನು ಕರೆತರಬೇಕು ಎಂಬುದಕ್ಕಿಂತ ಯಾರನ್ನು ಯಾವಾಗ ಬಿಡಬೇಕು ಎಂಬುದನ್ನು. 2003ರ ಋತುವಿನ ಮೊದಲ ಪಂದ್ಯಕ್ಕೆ ಐದು ದಿನವಿದ್ದಾಗ ನ್ಯೂ ಇಂಗ್ಲೆಂಡ್ ತನ್ನ ಅನುಭವಿ ಆಟಗಾರ ಲಾಯರ್ ಮಿಲಾಯ್ ಸಂಬಳ ಕಡಿತಕ್ಕೆ ಒಪ್ಪಲಿಲ್ಲವೆಂದು ಅವನನ್ನು ಕೈಬಿಟ್ಟಿತು. ಅವನು ಸೀದಾ ಹೋಗಿ ಬಫಲೋ ಸೇರಿದ. ಮೊದಲ ಪಂದ್ಯವೇ ಬಫಲೋ ವಿರುದ್ಧ, ನ್ಯೂ ಇಂಗ್ಲೆಂಡ್ 0–31ರಿಂದ ಸೋತಿತು. ಅಭಿಮಾನಿಗಳು ಕೋಚ್ ಬಿಲ್ ಬೆಲಿಚಿಕ್‌ಗೆ ಬೈದದ್ದೇ ಬೈದದ್ದು. ಆ ಋತುವಿನ ಕೊನೆಯ ಲೀಗ್ ಪಂದ್ಯ ಮತ್ತೆ ಬಫಲೋ ಜೊತೆ, ಈ ಸಲ ನ್ಯೂ ಇಂಗ್ಲೆಂಡ್ 31–0ಯಿಂದ ಗೆದ್ದಿತು. ಮುಂದೆ ಸೂಪರ್ ಬೌಲನ್ನೂ. ಆ ತಂಡದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 199ನೆಯವನಾಗಿ ಡ್ರಾಫ್ಟ್ ಆದವನು, ದೊಡ್ಡವನಾದ ಮೇಲೂ ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಒಪ್ಪಿದವನು. ಎಲ್ಲರೂ ಸಮ ಎನ್ನುವ ಕ್ಯಾಪ್ ಯುಗದಲ್ಲೇ ಆರು ಪ್ರಶಸ್ತಿ ಅವರ ಪಾಲಾದದ್ದರ ಹಿಂದೆ ಈ ಲೆಕ್ಕವೂ ಇದೆ.

ಕಾನ್ಸಸ್ ಸಿಟಿಯದೂ ಅದೇ ಜಾಡು. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ಗೆ 2020ರಲ್ಲಿ ಹತ್ತು ವರ್ಷಕ್ಕೆ 45 ಕೋಟಿ ಡಾಲರ್ ಒಪ್ಪಿಕೊಂಡ ತಂಡ, ಮಿಂಚಿನ ಓಟಗಾರ ಟೈರೀಕ್ ಹಿಲ್‌ನನ್ನು 2022ರಲ್ಲಿ ಮಯಾಮಿಗೆ ಕೊಟ್ಟು ಐದು ಡ್ರಾಫ್ಟ್ ಆಯ್ಕೆ ಪಡೆಯಿತು. ಮುಂದಿನ ಎರಡೂ ಸೂಪರ್ ಬೌಲ್ ಕಾನ್ಸಸ್ ಸಿಟಿಯದಾಯಿತು.

ಬಿಡಲು ಮನಸ್ಸಿಲ್ಲದಿದ್ದರೆ ಫ್ರಾಂಚೈಸ್ ಟ್ಯಾಗ್ ಎಂಬ ಅಸ್ತ್ರವಿದೆ. ವರ್ಷಕ್ಕೆ ಒಬ್ಬನ ಮೇಲೆ ಅದನ್ನು ಪ್ರಯೋಗಿಸಿ, ಅವನ ಸ್ಥಾನದ ಅತಿ ದುಬಾರಿ ಐವರ ಸರಾಸರಿಯಷ್ಟು ಸಂಬಳ ಕೊಟ್ಟು ಒಂದು ವರ್ಷ ಉಳಿಸಿಕೊಳ್ಳಬಹುದು. ಬೆಂಗಳೂರಿನ ಹನ್ನೊಂದು ತಿಂಗಳ ಬಾಡಿಗೆ ಕರಾರಿನಂತೆ ಬಾಡಿಗೆಯೇನೋ ಚೆನ್ನಾಗಿ ಬರುತ್ತದೆ, ಮುಂದಿನ ವರ್ಷದ ಭರವಸೆ ಇಲ್ಲ. ಆಟಗಾರರಿಗೆ ಇದು ಹಿಡಿಸದು. 2018ರಲ್ಲಿ ಪಿಟ್ಸ್‌ಬರ್ಗ್‌ನ ಲೆವಿಯಾನ್ ಬೆಲ್ ಸುಮಾರು 1.45 ಕೋಟಿಯ ಟ್ಯಾಗ್ ನಿರಾಕರಿಸಿ ಇಡೀ ಋತು ಮನೆಯಲ್ಲಿ ಕುಳಿತ.

ಬೆಲ್ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಗುಂಪಿನೊಳಗೆ ನುಗ್ಗುವವನು. ಈ ಲೆಕ್ಕಾಚಾರದಲ್ಲಿ ಹೆಚ್ಚು ನೊಂದದ್ದು ಅವರೇ. ಮೈ ಬೇಗ ಸವೆಯುತ್ತದೆ, ಅಗ್ಗದ ಹೊಸಬರು ಸಿಗುತ್ತಾರೆ, ಎರಡನೇ ಕರಾರಿಗೆ ಯಾಕೆ ಸುರಿಯಬೇಕು ಎಂಬುದು ತಂಡಗಳ ವಾದ. ಹಾಗೆಂದು ನಂಬಿ ನ್ಯೂಯಾರ್ಕ್ ಜೈಂಟ್ಸ್ 2024ರಲ್ಲಿ ಸೇಕ್ವಾನ್ ಬಾರ್ಕ್ಲಿಯನ್ನು ಬಿಟ್ಟಿತು. ಫಿಲಡೆಲ್ಫಿಯಾ ಮೂರು ವರ್ಷಕ್ಕೆ 3.775 ಕೋಟಿಗೆ ಕರೆದುಕೊಂಡಿತು. ಅವನು ಆ ಋತುವಿನಲ್ಲಿ 2,005 ಗಜ ಓಡಿದ, ತಂಡ ಸೂಪರ್ ಬೌಲ್ ಗೆದ್ದಿತು.

ನಮ್ಮ ಐಪಿಎಲ್, ಯುರೋಪಿನ ಫುಟ್‌ಬಾಲ್

ಓದುಗರಿಗೆ ಇಷ್ಟು ಹೊತ್ತಿಗೆ ಐಪಿಎಲ್ ನೆನಪಾಗಿರಬೇಕು. 2025ರ ಋತುವಿಗೆ ಪ್ರತಿ ತಂಡದ ಚೀಲದಲ್ಲಿ 120 ಕೋಟಿ ರೂಪಾಯಿ, ಅದರೊಳಗೇ ಎಲ್ಲ. ಆರ್‌ಸಿಬಿ ಕೊಹ್ಲಿಗೆ 21 ಕೋಟಿ ಕೊಟ್ಟು ಉಳಿಸಿಕೊಂಡರೆ ಉಳಿದವರಿಗೆ ಅಷ್ಟು ಕಡಿಮೆ. ಕ್ಯಾಪ್ ಇದೆ, ಸರಿ. ಆದರೆ ಫ್ರೀ ಏಜೆನ್ಸಿ? ಹರಾಜಿನಲ್ಲಿ ಊರನ್ನು ಆರಿಸುವವನು ಆಟಗಾರನಲ್ಲ, ಕೊನೆಯ ಕೂಗು ಕೂಗಿದ ತಂಡ. ಕೆ.ಎಲ್. ರಾಹುಲ್ ಬೆಂಗಳೂರಿಗೆ ಬರಲೆಂದು ಇಲ್ಲಿನವರು ಎಷ್ಟೇ ಹಂಬಲಿಸಿದರೂ 14 ಕೋಟಿಗೆ ಅವರು ದೆಹಲಿ ಪಾಲಾದರು. ರೆಜ್ಜಿ ವೈಟ್‌ನಂತೆ ಊರೂರು ನೋಡಿ ಬಂದು ತೀರ್ಮಾನಿಸುವ ಅವಕಾಶ ನಮ್ಮವರಿಗಿಲ್ಲ.

ಯುರೋಪಿನಲ್ಲಿ ಇದಕ್ಕೆ ಉಲ್ಟಾ. ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್ ಹೂಡಿದ ದಾವೆಯಲ್ಲಿ 1995ರ ಡಿಸೆಂಬರ್‌ನಲ್ಲಿ ತೀರ್ಪು ಬಂದು, ಕರಾರು ಮುಗಿದ ಕಾಲ್ಚೆಂಡಿನ ಆಟಗಾರರು ಯಾವ ಶುಲ್ಕವೂ ಇಲ್ಲದೆ ಕ್ಲಬ್ ಬದಲಿಸುವಂತಾಯಿತು. ಬಿಡುಗಡೆ ಸಿಕ್ಕಿತು, ಅಮೆರಿಕದಂಥ ಕ್ಯಾಪ್ ಬರಲಿಲ್ಲ. ಜರ್ಮನಿಯ ಲೀಗ್ ಪ್ರಶಸ್ತಿಯನ್ನು 2013ರಿಂದ 2023ರವರೆಗೆ ಸತತ ಹನ್ನೊಂದು ಸಲ ಬಯರ್ನ್ ಮ್ಯೂನಿಕ್ ಒಂದೇ ಗೆದ್ದಿತು. ಕ್ಯಾಪ್ ಇದ್ದ ಮಾತ್ರಕ್ಕೆ ಎಲ್ಲರಿಗೂ ಸರದಿ ಬರುತ್ತದೆಂದೂ ಅಲ್ಲ: ಡೆಟ್ರಾಯ್ಟ್ ಮತ್ತು ಕ್ಲೀವ್‌ಲ್ಯಾಂಡ್ ಇಂದಿಗೂ ಒಂದೇ ಒಂದು ಸೂಪರ್ ಬೌಲ್ ಆಡಿಲ್ಲ. ಹಣ ಸಮ ಮಾಡಬಹುದು, ಆರಿಸುವವರ ಕಣ್ಣನ್ನು ಸಮ ಮಾಡುವುದು ಹೇಗೆ?

ಹಾಗಾದರೆ ಪಾರ್ಸನ್ಸ್?

ಡಲ್ಲಾಸ್ ಬಿಟ್ಟುಕೊಟ್ಟದ್ದಕ್ಕೆ ಮಾಲೀಕರಿಗೂ ಆಟಗಾರನ ಏಜೆಂಟ್‌ಗೂ ಹೊಂದಾಣಿಕೆಯಾಗದ ಮಾತುಕತೆ ಒಂದು ಕಾರಣ. ಲೆಕ್ಕವೂ ಸುಲಭವಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್‌ಗೆ ವರ್ಷಕ್ಕೆ ಸರಾಸರಿ 6 ಕೋಟಿ, ಇನ್ನೊಬ್ಬ ಆಟಗಾರ ಸೀಡೀ ಲ್ಯಾಂಬ್‌ಗೆ 3.4 ಕೋಟಿ ಎಂದು 2024ರಲ್ಲೇ ಒಪ್ಪಿಯಾಗಿತ್ತು. ಪಾರ್ಸನ್ಸ್‌ನ ಸರಾಸರಿ 4.7 ಕೋಟಿ ಸೇರಿದರೆ 14.1 ಕೋಟಿ, ಅಂದರೆ 2025ರ ಕ್ಯಾಪ್‌ನ ಅರ್ಧ. ಕಂತು ಹಂಚಿ ವರ್ಷಗಳನ್ನು ಮುಂದೂಡಬಹುದಿತ್ತು, ತೀರಿಸುವುದಂತೂ ತಪ್ಪುತ್ತಿರಲಿಲ್ಲ. ಮೂವರ ಪಾಲು ಅರ್ಧವಾದರೆ ಉಳಿದ ಐವತ್ತು ಮಂದಿಗೆ ಇನ್ನರ್ಧ.

ಇನ್ನೊಂದು ಅಂಕಿ ನನಗೆ ವಿಚಿತ್ರವಾಗಿ ಕಂಡಿತು. 2021ರಲ್ಲಿ 12ನೆಯವನಾಗಿ ಡ್ರಾಫ್ಟ್ ಆದ ಪಾರ್ಸನ್ಸ್‌ನ ಮೊದಲ ಕರಾರು ನಾಲ್ಕು ವರ್ಷಕ್ಕೆ ಸುಮಾರು 1.7 ಕೋಟಿ ಡಾಲರ್. 1993ರಲ್ಲಿ ರೆಜ್ಜಿ ವೈಟ್‌ಗೆ ಸಿಕ್ಕ ಮೊತ್ತವೂ ಅಷ್ಟೇ, ವರ್ಷಗಳೂ ಅಷ್ಟೇ. ವೈಟ್‌ನ ವರ್ಷದ ಸರಾಸರಿ 1994ರ ಕ್ಯಾಪ್‌ನ ಶೇ 12ರಷ್ಟಿತ್ತು, ಪಾರ್ಸನ್ಸ್‌ನದು 2021ರ ಕ್ಯಾಪ್‌ನ ಶೇ 2ಕ್ಕಿಂತ ತುಸು ಹೆಚ್ಚು. ಅದೇ ಕೆಲಸ, ಅದೇ ದುಡ್ಡು. ಒಬ್ಬ ತಂಡದ ಅತಿ ದೊಡ್ಡ ಖರ್ಚು, ಇನ್ನೊಬ್ಬ ಅತಿ ದೊಡ್ಡ ಉಳಿತಾಯ. ಗ್ರೀನ್ ಬೇಯ 18.8 ಕೋಟಿಯ ಕರಾರಿಗೆ ಸಹಿ ಹಾಕಿದ ದಿನ ಆ ಉಳಿತಾಯ ಮುಗಿಯಿತು. ಅಂದಿನಿಂದ ಅವನು 2025ರ ಕ್ಯಾಪ್‌ನ ಲೆಕ್ಕದಲ್ಲಿ ಶೇ 17ರ ಆಸಾಮಿ.

ಹುಡುಗನಿಗೆ ಇದನ್ನೆಲ್ಲ ಹೇಳಿ ಮುಗಿಸಿದಾಗ ಅರ್ಧ ಗಂಟೆಯಾಗಿತ್ತು. ಅರ್ಥವಾಯಿತೇ ಎಂದರೆ ಹೂಂ ಎಂದ. ಹಿಂದಿನಿಂದ ತಂಗಿಯ ದನಿ ಕೇಳಿಸಿತು: "ಅಣ್ಣ, ಹೋದ ತಿಂಗಳಷ್ಟೇ ಇವನಿಗೆ ಆ ಪಾರ್ಸನ್ಸ್‌ನ 11ನೇ ನಂಬರಿನ ಜೆರ್ಸಿ ಕೊಡಿಸಿದ್ದೇನೆ. ನೂರು ಡಾಲರ್ ಮೇಲಾಯಿತು. ಅವನು ಅಲ್ಲಿ ಒಂದನೇ ನಂಬರ್ ಹಾಕಿಕೊಳ್ಳುತ್ತಾನಂತೆ, ಈಗ ಇದನ್ನು ಏನು ಮಾಡಲಿ?"

ಹುಡುಗ ತಕ್ಷಣ ಉತ್ತರ ಕೊಟ್ಟ. "ಅದು ಡೆಡ್ ಮನಿ, ಅಮ್ಮ."